ತಕರಾರಿಲ್ಲದವನು ಎದ್ದು ನಿಂತದ್ದು

ಗೊತ್ತಿಲ್ಲದ ಮಾತು ಕಿವಿಗೆ ಬಿದ್ದಾಗ ಸುಮ್ಮನೆ ಕೂಡಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನದು ಚಿಂತೆಯ ಜೀವ. ಬಸ್ಸು ಹೊರಡುವ ಮೊದಲೇ ಅದು ಎಲ್ಲಿ ಕೆಟ್ಟು ನಿಲ್ಲಬಹುದೆಂದು ಯೋಚಿಸಿಟ್ಟುಕೊಳ್ಳುವವನು ನಾನು. ಹೀಗಾಗಿ ಬಸವಕಲ್ಯಾಣದ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಪ್ರಭುದಾಸ ಹಿರಿಮಗಳ ಮದುವೆಗೆ ಹುಮನಾಬಾದಿನ ಚರ್ಚಿಗೆ ಕರೆದಾಗ, ಉಡುಗೊರೆಗಿಂತ ಮೊದಲು ಶಬ್ದಗಳ ಚಿಂತೆ ಹತ್ತಿತು. ಅಲ್ಲಿ ಯಾರಿಗೆ ಏನನ್ನಬೇಕು? ಪ್ರಭುದಾಸ ಸಮಾಧಾನದಿಂದ ಹೇಳಿಕೊಟ್ಟ. ಮದುವೆ ಮಾಡಿಸುವವರು ಸಭಾಪಾಲಕರು, ಹಾಡುವುದು ಕೀರ್ತನೆ, ಪ್ರಾರ್ಥನೆ ಮುಗಿದರೆ ಆಮೆನ್. ಕ್ರೈಸ್ತರಾಗುವವರಿಗೆ ನೀರಿನಲ್ಲಿ ಮಾಡಿಸುವ ದೀಕ್ಷಾಸ್ನಾನ ಎಂಬುದೊಂದು ಉಂಟು, ಆದರೆ ಅದು ಮದುವೆಯಲ್ಲಿ ಇರುವುದಿಲ್ಲ, ಬಂದವರಿಗಂತೂ ಮಾಡಿಸುವುದಿಲ್ಲ ಎಂದ. ನಾನು ಮನೆಗೆ ಹೋಗಿ, ಇರಲಿ ಎಂದು ಚೀಲಕ್ಕೆ ಹಾಕಿದ್ದ ಟವೆಲ್ಲನ್ನು ಹೊರಗೆ ತೆಗೆದಿಟ್ಟೆ.

ಹೆಂಡತಿಯನ್ನೂ ಕರೆದುಕೊಂಡು ಹೋದೆ. ಚರ್ಚಿನಲ್ಲಿ ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ನನ್ನ ‘ಆಮೆನ್’ ಮಾತ್ರ ಎಲ್ಲರದೂ ಮುಗಿದ ಮೇಲೆ ತಡವಾದ ಪ್ಯಾಸೆಂಜರ್ ಗಾಡಿಯಂತೆ ಒಂಟಿಯಾಗಿ ಬರುತ್ತಿತ್ತು. ಅಷ್ಟರಲ್ಲಿ ಸಭಾಪಾಲಕರು ವಧೂವರರನ್ನು ಮುಂದೆ ನಿಲ್ಲಿಸಿಕೊಂಡು, ಈ ವಿವಾಹಕ್ಕೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಬೇಕೆಂದು ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ನಮ್ಮಲ್ಲಿ ನಿಶ್ಚಯದ ದಿನ ಹಿರಿಯರು ತಕರಾರು ಇದೆಯೇ ಎಂದು ಕೇಳಿದರೆ, ಇಡೀ ಪಡಸಾಲೆ ‘ಏನೂ ಇಲ್ರಿ’ ಎಂದು ಗಟ್ಟಿಯಾಗಿ ಹೇಳಬೇಕು. ಸುಮ್ಮನಿದ್ದರೆ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ. ಈ ಹುಡುಗಿಗೆ ಮೊದಲೊಂದು ಸಂಬಂಧ ನಿಶ್ಚಯವಾಗಿ ಮುರಿದಿತ್ತು. ಆ ದಿನಗಳಲ್ಲಿ ಪ್ರಭುದಾಸ ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ಒಯ್ಯುತ್ತಿದ್ದುದನ್ನು ಕಂಡವನು ನಾನು. ಬೀಗರ ಮುಂದೆ ಇಷ್ಟು ಜನ ಮೂಕರಾಗಿ ಕೂತರೆ ಅವನ ಮಾನ ಏನಾಗಬೇಕು? ಎದ್ದು ನಿಂತೆ.

ಎದ್ದವನು ಮೊದಲು ಅಂಗಿ ಸರಿಮಾಡಿಕೊಂಡೆ. ಇಡೀ ಚರ್ಚು ನನ್ನತ್ತ ತಿರುಗಿತು. ವರನ ತಂದೆಯೂ ಅರ್ಧ ಎದ್ದರು. ಪ್ರಭುದಾಸನ ಮುಖದಲ್ಲಿ ರಕ್ತವಿರಲಿಲ್ಲ. ಸಭಾಪಾಲಕರು ಪುಸ್ತಕ ಮುಚ್ಚಿ, ಮೆಲ್ಲಗೆ, “ಏನದ ಹೇಳ್ರಿ ಯಜಮಾನ್ರ” ಎಂದರು.

“ನಂದೇನೂ ತಕರಾರ ಇಲ್ರಿ” ಎಂದೆ. “ಹುಡುಗಿ ಬಂಗಾರದಂಥಾಕಿ. ಅಷ್ಟ ಹೇಳಾಕ ಎದ್ದೀನ್ರಿ.”

ಹಿಂದಿನ ಬೆಂಚಿನಿಂದ ಒಂದು ನಗು ಹೊರಟು ಮುಂದಿನವರೆಗೂ ಬಂತು. ಸಭಾಪಾಲಕರು ಪುಸ್ತಕವನ್ನು ಮುಖಕ್ಕೆ ಹಿಡಿದರು. ಆಕ್ಷೇಪಣೆಯ ಆ ಪ್ರಶ್ನೆಗೆ ಮೌನವೇ ಒಪ್ಪಿಗೆ ಎಂದು ಪಕ್ಕದವರು ಆಮೇಲೆ ತಿಳಿಸಿದರು. ಪ್ರಭುದಾಸ ಶಬ್ದಗಳ ಅರ್ಥವನ್ನೆಲ್ಲ ಹೇಳಿಕೊಟ್ಟಿದ್ದ. ಯಾವ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಬುದ್ಧಿ ಇದ್ದವರಿಗೂ ಹೇಳಬೇಕಾಗುತ್ತದೆಂದು ಅವನಿಗಾದರೂ ಹೇಗೆ ಗೊತ್ತಾಗಬೇಕು?

ಊಟಕ್ಕೆ ತಲೆ ತಗ್ಗಿಸಿ ಕೂತಿದ್ದಾಗ ನನ್ನ ಹೆಂಡತಿ, “ನಮ್ಮ ಲಗ್ನದಾಗ ನಿಮ್ಮನ್ನ ಯಾರೂ ಕೇಳಲಿಲ್ಲಂತ ಇಲ್ಲಿ ಬಂದು ಹೇಳಿದ್ರೇನು?” ಎಂದಳು. ಪ್ರಭುದಾಸ ತಾನೇ ಬಂದು ನನ್ನ ಎಲೆಗೆ ಸಿಹಿ ಬಡಿಸಿದ. “ಅಣ್ಣಾ, ನೀವು ಎದ್ದಾಗ ನನ್ನ ಜೀವ ಹೋಗಿತ್ತು ನೋಡ್ರಿ” ಎಂದಷ್ಟೇ ಹೇಳಿದ.

ಅವನ ಕಿರಿಮಗಳ ಮದುವೆಗೆ ನನ್ನನ್ನು ಕರೆಯಲಾರನೆಂದುಕೊಂಡಿದ್ದೆ. ಕರೆದ. ಮುಂದಿನ ಬೆಂಚಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಸಭಾಪಾಲಕರು ಆ ಪ್ರಶ್ನೆಗೆ ಬಂದಾಗ ಅವನ ಕೈ ನನ್ನ ತೊಡೆಯ ಮೇಲೆ ಬಂದು, ಮುಂದಿನ ಮಾತು ಶುರುವಾಗುವವರೆಗೂ ಬಲವಾಗಿ ಒತ್ತಿ ಹಿಡಿದಿತ್ತು. ಅದು ಸ್ನೇಹದಿಂದಲೇ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.