ಮೊಂಡುಮೂಗಿನ ಕಲ್ಲುರಾಯ

ಮಗು ಹುಟ್ಟಿದ ಮನೆಗೆ ನೋಡಲು ಹೋದವರು ಮೊದಲು ನೋಡುವುದು ಮೂಗನ್ನು. ತೊಟ್ಟಿಲಿಗೆ ಬಗ್ಗಿ, "ಅಪ್ಪನ ಮೂಗೇ ಬಂದೈತೆ ಕಣಮ್ಮ" ಅಂದುಬಿಟ್ಟರೆ ಗಂಡಿನ ಕಡೆಯವರಿಗೆ ಹೋಳಿಗೆ ಉಂಡಷ್ಟು ಹಿಗ್ಗು. ಹೆತ್ತವಳು ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿರುತ್ತಾಳೆ. ಅವಳದ್ದೇನಾದರೂ ಬಂದಿದೆಯೇ ಅಂತ ಯಾರೂ ಹುಡುಕುವುದಿಲ್ಲ. ಮಗು ಹಟ ಮಾಡಿ ಬೀದಿಗೆ ಕೇಳುವ ಹಾಗೆ ಅತ್ತಾಗ ಮಾತ್ರ ಹುಡುಕುತ್ತಾರೆ. "ಇದು ಅವ್ವನ ಕಡೇದು" ಅಂತ ತಕ್ಷಣ ಪತ್ತೆಯಾಗುತ್ತದೆ.

ನನ್ನ ಮೂಗು ಮೊಂಡು. ಮುಚ್ಚಿಡುವುದಕ್ಕೇನಿದೆ, ಮುಚ್ಚಿಡುವಷ್ಟು ಮೂಗೂ ಇಲ್ಲ. ನತ್ತು ಹಾಕಿಕೊಂಡರೆ ನತ್ತು ಮೊದಲು ಬರುತ್ತದೆ, ಮೂಗು ಆಮೇಲೆ. ನಮ್ಮ ತವರು ಕೊರಟಗೆರೆ ಕಡೆ. ಅಲ್ಲಿ ನಮ್ಮ ಮನೆಯವರದ್ದೆಲ್ಲ ಇದೇ ಮೂಗಾದ್ದರಿಂದ ಅದೊಂದು ಕೊರತೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಉಸಿರಾಡುತ್ತಿದ್ದೆವು, ನೆಗಡಿಯಾದರೆ ಸೀನುತ್ತಿದ್ದೆವು. ಮೂಗಿಗೆ ಇನ್ನೂ ಏನೋ ಕೆಲಸವಿದೆ ಅಂತ ಗೊತ್ತಾದದ್ದು ಮಧುಗಿರಿ ಕೋಟೆಯ ಕೆಳಗಿನ ಕೇರಿಗೆ, ತೊಗಲುಗೊಂಬೆ ಆಡಿಸುವ ಮನೆಗೆ ನನ್ನನ್ನು ಕೊಟ್ಟ ಮೇಲೆ. ಹೆಣ್ಣು ನೋಡಲು ಬಂದ ದಿನವೇ ನನ್ನ ಅತ್ತೆ ನನ್ನೆದುರಿಗೇ ಹೇಳಿದ್ದಳು: "ಉಡುಗಿ ಗಟ್ಟಿಮುಟ್ಟಾಗವ್ಳೆ, ಗಂಟಲೂ ಐತೆ. ಮೂಗು... ಇರ್ಲಿ ಬುಡು, ನಮ್ಮನೇಲಿ ಬೇಕಾದಷ್ಟೈತೆ. ಮಕ್ಕಳಿಗೆ ಅದೇ ಬತ್ತದೆ."

ಬೇಕಾದಷ್ಟಿದ್ದದ್ದು ನಿಜ. ನನ್ನ ಮಾವನ ಮೂಗು ಹಣೆಯಿಂದ ಹೊರಟು ತುಟಿಯನ್ನು ದಾಟಿ ಬಾಗಿತ್ತು. ಅವರು ಸಾರು ಕುಡಿಯುವಾಗ ಮೊದಲು ಬಿಸಿ ತಾಗುತ್ತಿದ್ದದ್ದು ಮೂಗಿಗೆ. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗೊಂಬೆ ಪೆಟ್ಟಿಗೆ ಕೈಗೆ ಬಂದ ಗಂಡಸು ದೀಪದ ಮುಂದೆ ಕೂತು, ಗೋಡೆಗೆ ಬಿಗಿದ ತೊಗಲಿನ ಮೇಲೆ ಬಿದ್ದ ತನ್ನ ಮುಖದ ನೆರಳನ್ನೇ ಕಾಡಿಗೆಯಲ್ಲಿ ತಿದ್ದಿ, ಹೊಸದೊಂದು ವೀರನ ಗೊಂಬೆ ಕೊರೆಯಬೇಕು. ಮಾವ ಕೊರೆದದ್ದು ಗುಡ್ಡರಾಯ. ನನ್ನ ಗಂಡ ಕೊರೆದದ್ದು ಗುಡ್ಡರಾಯನ ಮಗ ಬಂಡೆರಾಯ. ಹೀಗಾಗಿ ವೀರರ ಮನೆತನಕ್ಕೂ ನಮ್ಮ ಮನೆತನಕ್ಕೂ ಒಂದೇ ಮೂಗು. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆ ವೀರರ ಶಕ್ತಿಯೂ ಮೂಗಿನಲ್ಲೇ ಇತ್ತು! ಗುಡ್ಡರಾಯ ಒಮ್ಮೆ ಉಸಿರೆಳೆದರೆ ಮಧುಗಿರಿ ಬೆಟ್ಟದ ಮೇಲಿನ ಮೋಡ ಕೆಳಗಿಳಿಯಬೇಕು, ಒಮ್ಮೆ ಸೀನಿದರೆ ರಕ್ಕಸನ ಕೋಟೆ ಬಾಗಿಲು ಹಾರಿ ಸಿರಾ ಕೆರೆಗೆ ಬೀಳಬೇಕು. ಬಂಡೆರಾಯ ಒಂದೇ ಹೊಳ್ಳೆಯಲ್ಲಿ ಸೀನಿ ದಂಡನ್ನೇ ಚದುರಿಸುತ್ತಿದ್ದ. ರಕ್ಕಸರ ಮನೆಯಲ್ಲೂ ಹೀಗೇ, ಅಪ್ಪನ ಕೋರೆಹಲ್ಲು ಮಗನಿಗೆ, ಮಗನದ್ದು ಮೊಮ್ಮಗನಿಗೆ. ಈಗ ಪೇಟೆಗಳಲ್ಲಿ ಬಿಳೀ ಬಟ್ಟೆಯ ಮೇಲೆ ಚಿತ್ರಗಳು ತಾವಾಗಿಯೇ ಕುಣಿದು ಮಾತಾಡುತ್ತವಂತೆ. ಆಡಲಿ. ನಮ್ಮ ಗುಡ್ಡರಾಯ ಸೀನುವುದನ್ನು ನೋಡಲು ಹೊಸಕೋಟೆ ಕಡೆಯಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ನನಗೆ ಒಬ್ಬನೇ ಮಗ, ಸಿದ್ದ. ಅವನು ಹುಟ್ಟಿದ ದಿನ ಅತ್ತೆ ದೀಪ ತಂದು ಅವನ ಮುಖ ನೋಡಿ, "ಬೆಳೀತಾ ಬೆಳೀತಾ ಬತ್ತದೆ" ಅಂದಳು. ಬೆಳೆದ. ಕೈ ಬೆಳೆಯಿತು, ಕಾಲು ಬೆಳೆಯಿತು, ಮೀಸೆ ಬಂತು. ಮೂಗು ನನ್ನ ಹತ್ತಿರವೇ ನಿಂತಿತು. ಹರಳೆಣ್ಣೆ ಹಚ್ಚಿ ಎಳೆದದ್ದೂ ಆಯಿತು. ಎಳೆದು ಎಳೆದು ಅತ್ತೆಗೆ ಕೈ ನೋವು ಬಂದಿತೇ ಹೊರತು ಮೂಗು ಬರಲಿಲ್ಲ. ನನ್ನ ಗಂಡ ಅವನಿಗೆ ಪದ ಕಲಿಸುವಾಗೆಲ್ಲ, "ಮೂಗಲ್ಲಿ ಹಾಡೋ, ಮೂಗಲ್ಲಿ! ನಮ್ಮ ಮನೆ ಹಾಡು ಮೂಗಿಂದು" ಅಂತ ಗದರುತ್ತಿದ್ದ. ಹುಡುಗ ಪಾಪ, ಇಲ್ಲದ ಮೂಗಿನಲ್ಲಿ ಹಾಡಲು ಹೋಗಿ ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಟ್ಟುತ್ತಿದ್ದ.

ಗಂಡ ಸತ್ತ. ಸಾಯುವವರು ಸಾಯುತ್ತಾರೆ, ಅದರ ಬಗ್ಗೆ ಹೇಳುವುದಕ್ಕೇನೂ ಇಲ್ಲ. ತಿಥಿ ಮುಗಿಯುತ್ತಲೇ ಅವನ ತಮ್ಮ ತಿಮ್ಮಣ್ಣ ಬಂದು ಗೊಂಬೆ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ತಿಮ್ಮಣ್ಣನ ಮೂಗೆಂದರೆ ಮಾವನದ್ದೇ ಅಚ್ಚು. "ಅತ್ತಿಗೆ, ಪೆಟ್ಟಿಗೆ ನಮ್ಮ ವಂಶದ್ದು. ನಿನ್ನ ಮಗನ ಮುಖ ನೋಡಿದ್ರೆ ನಮ್ಮ ವಂಶ ಅನ್ನಾಕೆ ಏನೈತೆ? ಅವನ ನೆರಳು ಕೊರೆದರೆ ಅದು ಗುಡ್ಡರಾಯನ ಮೊಮ್ಮಗ ಆಯ್ತದಾ? ಕಪ್ಪೆ ಆಯ್ತದೆ" ಅಂದ.

"ಎದ್ದೇಳ್ಲಾ ಮೇಲೆ. ನಿನ್ನ ಭಾರಕ್ಕೆ ಒಳಗಿರೋ ರಕ್ಕಸ ಮುರಿದೋದಾನು" ಅಂದೆ. ಮಾತಿಗೇನು, ಮಾತು ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಆದರೆ ಪೆಟ್ಟಿಗೆ ಹೋದರೆ ನಮಗೆ ಬೇರೇನಿತ್ತು? ಒಂದು ಗೇಣು ಹೊಲವಿಲ್ಲ. ಊರೂರಲ್ಲಿ ಗೊಂಬೆ ಆಡಿಸಿ ತಂದ ರಾಗಿಯೇ ನಮ್ಮ ಬೆಳೆ. ಸಿದ್ದನ ಹೆಂಡತಿ ಆಗ ಬಸುರಿ ಬೇರೆ. ಪೆಟ್ಟಿಗೆಯಿಲ್ಲದೆ ಹೋದರೆ ನಾವೆಲ್ಲ ತಿಮ್ಮಣ್ಣನ ಜಗಲಿಯಲ್ಲಿ ಕೂತು ಅವನ ಮೂಗು ನೋಡುತ್ತಾ ಮುದ್ದೆ ನುಂಗಬೇಕಾಗಿತ್ತು. ಅಂಥ ಮುದ್ದೆ ಗಂಟಲಲ್ಲಿ ಇಳಿಯುತ್ತದೆಯೇ?

ನ್ಯಾಯ ಬಡವನಹಳ್ಳಿ ಗೌಡರ ಮುಂದೆ ಹೋಯಿತು. ನಮ್ಮ ಆಟ ವರ್ಷಾವರ್ಷ ಮೊದಲು ಹೂಡುತ್ತಿದ್ದದ್ದು ಅದೇ ಊರಲ್ಲಿ. ಗೌಡರು ಎಲೆ ಅಡಿಕೆ ಜಗಿದು, ಉಗುಳಿ, "ಸಿದ್ದ ತನ್ನ ಗೊಂಬೆ ಕೊರೆದು ತರ್ಲಿ. ಸಂತೆ ದಿನ ಸಂಜೆ ಆಟ ಆಡ್ಲಿ. ಜನ ಅದನ್ನ ಗುಡ್ಡರಾಯನ ಮೊಮ್ಮಗ ಅಂತ ಒಪ್ಪಿದ್ರೆ ಪೆಟ್ಟಿಗೆ ಸಿದ್ದಂದು. ಒಪ್ಪದೋದ್ರೆ ತಿಮ್ಮಣ್ಣಂದು" ಅಂತ ತೀರ್ಮಾನ ಕೊಟ್ಟರು.

ಸಿದ್ದ ಮೇಕೆ ತೊಗಲು ಹೆರೆದು, ಹದ ಮಾಡಿ, ದೀಪದ ಮುಂದೆ ಕೂತ. ಗೋಡೆಯ ಮೇಲೆ ಅವನ ನೆರಳು ಬಿತ್ತು. ನೋಡಿ ಅವನಿಗೇ ಅಳು ಬಂತು. "ಅವ್ವ, ಒಂಚೂರು ಉದ್ದ ಮಾಡ್ಲಾ? ಯಾರಿಗೆ ಗೊತ್ತಾಯ್ತದೆ?" ಅಂದ.

"ಎಲ್ಲರಿಗೂ ಗೊತ್ತಾಯ್ತದೆ. ಊರೋರು ನಿನ್ನ ಮುಖಾನೂ ನೋಡವ್ರಲ್ಲ. ನೆರಳು ಬಿದ್ದಂಗೇ ಕೊರಿ" ಅಂದೆ. ಕೊರೆದ. ಎದೆ ಅಗಲ, ತೋಳು ಮರದ ಕೊಂಬೆಯಂತೆ, ಮೀಸೆ ಚೆಂದ. ಮೂಗಿರಬೇಕಾದಲ್ಲಿ ಒಂದು ಹುಣಿಸೇಬೀಜ. ಹೆಸರು ಕಲ್ಲುರಾಯ.

ಸಂತೆ ದಿನ ಜನ ಕಿಕ್ಕಿರಿದರು. ಪರದೆ ಕಟ್ಟಿ, ಹಿಂದೆ ದೀಪ ಇಟ್ಟೆವು. ತಿಮ್ಮಣ್ಣ ಮುಂದಿನ ಸಾಲಿನಲ್ಲಿ, ಮೂಗು ಎಲ್ಲರಿಗೂ ಕಾಣುವ ಹಾಗೆ ಪಕ್ಕಕ್ಕೆ ತಿರುಗಿ ಕೂತಿದ್ದ. ಗುಡ್ಡರಾಯ ಬಂದ, ಸೀನಿದ. ಬಂಡೆರಾಯ ಬಂದ, ಸೀನಿದ. ಚಪ್ಪಾಳೆಯೋ ಚಪ್ಪಾಳೆ. ಹಳೇ ರಕ್ಕಸನ ಮೊಮ್ಮಗ ಊರಿನ ಕೆರೆ ನೀರನ್ನೆಲ್ಲ ಕೋಟೆಯೊಳಗೆ ಕೂಡಿಹಾಕಿದ. ಆಮೇಲೆ ಕಲ್ಲುರಾಯ ಬಂದ.

ಪಾವಗಡ ಕಡೆಯ ಕಡಲೆಕಾಯಿ ವ್ಯಾಪಾರಿಯೊಬ್ಬ ತೆಲುಗಿನಲ್ಲಿ ಕೂಗಿದ: "ಏಮ್ರಾ, ಮುಕ್ಕು ಇಂಟ್ಲೋ ಮರ್ಚಿಪೋಯಿ ವಚ್ಚಿನಾಡಾ?" ಮೂಗನ್ನು ಮನೆಯಲ್ಲೇ ಮರೆತು ಬಂದನೇ ಅಂತ. ಸಂತೆಗೆ ಸಂತೆಯೇ ಬಿದ್ದು ಬಿದ್ದು ನಕ್ಕಿತು. ತಿಮ್ಮಣ್ಣ ಎದ್ದು ನಿಂತು, "ಸೀನ್ಸಪ್ಪಾ ಸಿದ್ದ, ಸೀನ್ಸು! ಕೋಟೆ ಬೀಳೋದು ನೋಡಾನ!" ಅಂದ.

ಸಿದ್ದ ಸೀನಿಸಿದ. ಅದು ಸೀನಲ್ಲ, ಇಲಿ ಕೆಮ್ಮಿದ ಹಾಗಿತ್ತು. ಪರದೆಯ ಮೇಲೆ ಕಲ್ಲುರಾಯ ಚಳಿಜ್ವರ ಬಂದವನಂತೆ ನಡುಗಿದ. ನಗು ಇನ್ನೂ ಜೋರಾಯಿತು. ನಾನು ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದೆ. ನನ್ನ ಮಗನ ಮುಖ ನೋಡಿದೆ. ಆಗ ನನಗೆ ಒಂದು ಮಾತು ಹೊಳೆಯಿತು. ಇಷ್ಟು ವರ್ಷ ಈ ಆಟ ಆಡಿದ್ದೇವಲ್ಲ, ಇದರಲ್ಲಿ ಅಪ್ಪ ಇದ್ದಾನೆ, ಮಗ ಇದ್ದಾನೆ, ಮೊಮ್ಮಗ ಇದ್ದಾನೆ. ಒಬ್ಬನಿಗೂ ತಾಯಿಯಿಲ್ಲ! ಮೂರು ತಲೆಮಾರಿನ ವೀರರೂ ಒಬ್ಬರ ಮೂಗಿನಿಂದ ಒಬ್ಬರು ಉದುರಿದ ಹಾಗಿದೆ.

ಪೆಟ್ಟಿಗೆಗೆ ಕೈ ಹಾಕಿದೆ. ಸಿಕ್ಕಿದ್ದು ಮಜ್ಜಿಗೆ ಮಾರುವವಳ ಗೊಂಬೆ, ತಲೆಯ ಮೇಲೆ ಗಡಿಗೆ ಸಮೇತ. ಅದನ್ನೇ ಪರದೆಗೆ ಒತ್ತಿ ನಿಲ್ಲಿಸಿ, ನನ್ನ ಸ್ವಂತ ಗಂಟಲಲ್ಲಿ ಕೇಳಿದೆ: "ಯಾವನ್ಲಾ ಅವನು, ನನ್ನ ಮಗನ ಮೂಗು ಕೇಳ್ದೋನು?"

ನಗು ನಿಂತಿತು.

"ನಾನು ಬಂಡೆರಾಯನ ಹೆಂಡ್ತಿ, ಕಲ್ಲುರಾಯನ ಹೆತ್ತವ್ವ. ಇಷ್ಟು ದಿನ ಎಲ್ಲಿದ್ದೆ ಅಂತೀರಾ? ಈ ಸೀನೋ ಗಂಡಸ್ರಿಗೆಲ್ಲ ಹಿಟ್ಟು ಬೇಯಿಸ್ತಿದ್ದೆ. ಅಪ್ಪಂದು ತೋಳು ಬಂದೈತೆ, ಎದೆ ಬಂದೈತೆ. ಮೂಗು ನಂದು. ಏನೀಗ? ಬಡವನಹಳ್ಳೀಲಿ ಅವ್ವಂದು ಏನೂ ಬರದೆ ಹುಟ್ಟಿರೋ ಗಂಡಸು ಯಾವನಾದ್ರೂ ಇದ್ರೆ ಎದ್ದು ನಿಂತ್ಕೊಳ್ಳಿ, ನಾನೂ ನೋಡ್ತೀನಿ. ಗೌಡ್ರ ಕಿವಿ ಯಾರ್ದು?"

ಇದು ನನ್ನ ಬಾಯಿಂದ ಹೇಗೆ ಬಂತೋ. ಗೌಡರ ಕಿವಿ ಮೊರದಗಲ. ಊರೆಲ್ಲ ನೋಡಿದ್ದರೂ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಗೌಡರ ತಾಯಿ, ಓಲೆ ಜೋತ ತನ್ನ ದೊಡ್ಡ ಕಿವಿಯನ್ನು ಹಿಡಿದುಕೊಂಡು, "ನಂದೇ ಕಣವ್ವ! ನೋಡು, ನಂದೇ! ಇಲ್ಲೀಗಂಟ ಯಾರೂ ಕೇಳಿರಲಿಲ್ಲ" ಅಂತ ಕೂಗಿದಳು. ಅಷ್ಟು ಸಾಕಾಯಿತು. "ನಮ್ಮ ರಂಗನ ಗುಂಗುರುಗೂದಲು ನಂದು!" "ನಮ್ಮೋನ ಎಡಗೈ ನಂದು!" ಅಂತ ಹೆಂಗಸರು ಒಬ್ಬರ ಮೇಲೊಬ್ಬರು ಎದ್ದರು. ಒಬ್ಬಳು ಗಂಡನನ್ನು ತೋರಿಸಿ, "ಇವನ ಗೊರಕೆ ಇವನವ್ವಂದು, ನಂದಲ್ಲ" ಅಂದಳು. ಗಂಡಸರು ತಲೆ ತಗ್ಗಿಸಿ ಮೈಕೈ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆದರೂ ತಿಮ್ಮಣ್ಣ ಬಿಡಲಿಲ್ಲ. "ಅದೆಲ್ಲ ಸರಿ. ಕೋಟೆ ಬೀಳಿಸೋದು ಹೆಂಗೆ? ಮೂಗಿಲ್ದೆ ಸೀನ್ತಾನಾ?" ಅಂದ.

"ಅವನ್ಯಾಕೆ ಸೀನ್ತಾನ್ಲಾ? ಅವರಪ್ಪನ ಕಡೇದು ನೆಗಡಿ. ನಮ್ಮ ಕಡೇದು ಗಂಟಲು" ಅಂದವಳೇ ಸಿದ್ದನ ಬೆನ್ನಿಗೆ ಒಂದು ಗುದ್ದಿದೆ. "ಮೂಗು ಬುಟ್ಟಾಕು. ಗಂಟಲಲ್ಲಿ ಕೂಗ್ಲಾ, ಎಮ್ಮೆ ಕಳೆದೋದಾಗ ಕೂಗ್ತೀಯಲ್ಲ, ಅಂಗೆ!"

ಸಿದ್ದ ಕಣ್ಣು ಮುಚ್ಚಿದ. ಉಸಿರೆಳೆದ. ಕೂಗಿದ.

ಅಂಥ ಕೂಗನ್ನು ನಾನು ನನ್ನಪ್ಪನ ಬಾಯಲ್ಲಿ ಮಾತ್ರ ಕೇಳಿದ್ದೆ. ದೀಪದ ಕುಡಿ ಮಲಗಿ ಎದ್ದಿತು. ಅದು ಹಾಗೆ ಹೊಯ್ದಾಡಿದ್ದಕ್ಕೆ ಪರದೆಯ ಮೇಲೆ ಕೋಟೆಯ ನೆರಳು, ಯಾರೂ ಮುಟ್ಟದೆ, ತಾನಾಗಿ ಗಡಗಡ ಅಲ್ಲಾಡಿತು. ರಕ್ಕಸನೂ ಅಲ್ಲಾಡಿದ. ಸಂತೆಗೆ ಬಂದ ಬಂಡಿಗಳ ಎತ್ತೆಲ್ಲ ಗಂಟೆ ಬಡಿದುಕೊಂಡು ಎದ್ದು ನಿಂತವು. ತಿಮ್ಮಣ್ಣ ಹಿಂದಕ್ಕೆ ವಾಲಿ ಕಡಲೆಕಾಯಿ ವ್ಯಾಪಾರಿಯ ಮಡಿಲಲ್ಲಿ ಕೂತ. ನಾನು ಕೋಟೆ ಗೊಂಬೆಯನ್ನು ಮೆಲ್ಲಗೆ ಎಳೆದೆ. ಕೋಟೆ ಬಿತ್ತು. ಜನ ಎದ್ದು ನಿಂತು ಕೂಗಿದ್ದು ದೂರದ ಪುರವರ ಊರಿಗೂ ಕೇಳಿತ್ತಂತೆ.

"ಇದು ನಮ್ಮ ಮನೆತನದ ಆಟವೇ ಅಲ್ಲ" ಅಂತ ತಿಮ್ಮಣ್ಣ ಧೂಳು ಕೊಡವಿಕೊಳ್ಳುತ್ತಾ ನ್ಯಾಯ ಕೇಳಿದ. ಗೌಡರು ಬಾಯಿ ತೆರೆಯುವ ಮೊದಲೇ ಅವರ ತಾಯಿ, "ಸುಮ್ಕಿರಪ್ಪ. ಇಂಥ ಗಂಡುಮಗನ್ನ ಹೆತ್ತೋಳು ಅವಳು. ಪೆಟ್ಟಿಗೆ ಅವನ್ದೇ" ಅಂದಳು. ಗೌಡರು ತಮ್ಮ ಕಿವಿ ತುರಿಸಿಕೊಂಡು, "ಅವ್ವ ಹೇಳಿದ ಮೇಲೆ ಆಯ್ತು" ಅಂದರು. ಗೆದ್ದೆವು. ನಾನು ಆ ರಾತ್ರಿ ಪೆಟ್ಟಿಗೆಯ ಮೇಲೆಯೇ ಕೂತು ಎಲೆ ಅಡಿಕೆ ಹಾಕಿಕೊಂಡೆ. ಅದರ ರುಚಿಯನ್ನು ಹೇಳಲು ನನಗೆ ಬರುವುದಿಲ್ಲ.

ಆಮೇಲೆ ಯಾವ ಊರಿಗೆ ಹೋದರೂ ಜನ ಕೇಳುತ್ತಿದ್ದದ್ದು ಕಲ್ಲುರಾಯನನ್ನೇ. ಹೆಂಗಸರಂತೂ ಮುಂದಿನ ಸಾಲಿಗೇ ಬಂದು ಚಾಪೆ ಹಾಸುತ್ತಿದ್ದರು. ಅವರಿಗೆ ಬೇಕಾದದ್ದು ಕಲ್ಲುರಾಯನ ಅವ್ವ. ಆದರೆ ಆ ಮಹಾತಾಯಿ ತಲೆಯ ಮೇಲೆ ಮಜ್ಜಿಗೆ ಗಡಿಗೆ ಹೊತ್ತುಕೊಂಡೇ ಎಷ್ಟು ದಿನ ಜಗಳ ಆಡಿಯಾಳು? ಸಿರಾದಲ್ಲಿ ಒಬ್ಬ ಸಾಬರು, "ಅಮ್ಮಾ, ಆ ಗಡಿಗೆ ಜರಾ ಕೆಳಗಿಡಿ, ಕತ್ತು ನೋಯ್ತದೆ" ಅಂತಲೂ ಅಂದರು. ಅವಳಿಗೆಂದೇ ಹೊಸ ಗೊಂಬೆ ಕೊರೆಯುತ್ತೇನೆಂದು ಸಿದ್ದ ತೊಗಲು ಹದ ಮಾಡಿ, ನನ್ನನ್ನು ದೀಪದ ಮುಂದೆ ಕೂರಿಸಿದ. ಆ ಮನೆಯಲ್ಲಿ ಹೆಂಗಸಿನ ನೆರಳು ತೊಗಲಿನ ಮೇಲೆ ಬಿದ್ದದ್ದು ಅದೇ ಮೊದಲು. ನಾನೂ ಸೆಟೆದು ಕೂತೆ. ಗೌಡರನ್ನು ಎದುರಿಸಿದ ಹೆಂಗಸು ನಾನು, ಮೊಂಡುಮೂಗಿಗೆ ಮರ್ಯಾದೆ ತಂದವಳು. ಓರೆಗಣ್ಣಿನಿಂದ ಗೋಡೆ ನೋಡಿದೆ.

"ಸಿದ್ದ," ಅಂದೆ, ಸೊಸೆಗೆ ಕೇಳದ ಹಾಗೆ. "ಮೂಗು ಒಂದೇ ಒಂಚೂರು ಎತ್ತಿ ಕೊರೀತೀಯೇನ್ಲಾ?"

ಅವನು ಕಾಡಿಗೆ ಕಡ್ಡಿಯನ್ನು ತೊಗಲಿನ ಮೇಲೆ ಆಡಿಸುತ್ತಲೇ ಹೇಳಿದ: "ಎತ್ತಬೌದವ್ವ. ಆದ್ರೆ ನಾನು ಆಗ ಯಾರ ಮಗ ಆಯ್ತೀನಿ?"

"ನೆರಳು ಬಿದ್ದಂಗೇ ಕೊರಿ" ಅಂದು ಮತ್ತೆ ಸೆಟೆದು ಕೂತೆ.