ಬದುವಿನಾಚೆ ಹರಿವಿಲ್ಲ

ಭೂಮಿಯ ಹೊಟ್ಟೆಯಲ್ಲಿ ಏನಿದೆ ಎಂಬುದು ಮನುಷ್ಯಮಾತ್ರರಿಗೆ ತಿಳಿಯುವಂಥದ್ದಲ್ಲ ಎಂದು ಹಿರಿಯರು ಹೇಳುತ್ತಾರೆ. ನನಗೆ ತಿಳಿದಿತ್ತು. ಅದಕ್ಕೆ ಸಂಬಳವೂ ಬರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಗುಜರಾತಿನ ಒಂದು ಕಚೇರಿಯಲ್ಲಿ ಕುಳಿತು, ನೆಲದಡಿಯ ಬಿರುಕುಬಂಡೆಗಳಲ್ಲಿ ಕಚ್ಚಾ ತೈಲ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕಸುಬು. ಬಂಡೆಯನ್ನು ಕಾಗದದ ಮೇಲೆ ಬರ್ಫಿಯಂತೆ ಚೌಕ ಚೌಕ ಕತ್ತರಿಸಬೇಕು. ನಡುವಿನ ಸಂದುಗಳೇ ಬಿರುಕು ಎಂದು ಭಾವಿಸಬೇಕು. ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ಆ ತೈಲವನ್ನು ನಾನು ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ, ಸಾಹೇಬರ ಮೇಜಿನ ಮೇಲಿನ ಶೀಶೆಯಲ್ಲಿ.

ರಜೆಗೆಂದು ಹೆಂಡತಿ ಶಾಂತಾಳೊಡನೆ ಐಗಳಿ ಎಂಬ ಹಳ್ಳಿಗೆ, ಅವಳ ತವರಿಗೆ ಹೋದೆ. ಮಾವನ ದ್ರಾಕ್ಷಿ ಕಾಯಿ ದಪ್ಪವಾಗುವ ಹೊತ್ತು; ಬಾವಿ ತಳ ಕಂಡಿತ್ತು. ಹದಿನೈದು ದಿನದಲ್ಲಿ ನೀರು ಸಿಗದಿದ್ದರೆ ಗೊನೆಗಳು ಬಳ್ಳಿಯಲ್ಲೇ ಒಣಗುತ್ತಿದ್ದವು. ಬೋರು ಕೊರೆಸಲು ಮಾವ ಹುಣಸೆಮರದ ಹತ್ತಿರ ಗೂಟ ಹೊಡೆದಿದ್ದರು.

“ಇದ ಜಾಗಾ ಯಾಕ್ರಿ?” ಎಂದೆ.

“ಇಲ್ಲಿ ಕರಕಿ ಇನ್ನೂ ಹಸರ ಐತ್ರಿ, ಅಳಿಯಂದ್ರ.”

ಒಂದು ಹಿಡಿ ಹುಲ್ಲಿನ ಸಾಕ್ಷ್ಯವನ್ನು ವಿಜ್ಞಾನ ಒಪ್ಪುವುದಿಲ್ಲ. ಶಾಂತಾಳ ಹೊಲಿಗೆಯ ಟೇಪು ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗಿಳಿದೆ. ಗೋಡೆಯ ಬಿರುಕುಗಳ ಅಗಲ, ದಿಕ್ಕು ಎಲ್ಲ ಬರೆದುಕೊಂಡೆ. ಏರುವಾಗ ಟೇಪು ಕೈಜಾರಿ ಕೆಸರಿಗೆ ಬಿತ್ತು.

“ಟೇಪ್ ಸಿಗೂತನಕಾ ಮ್ಯಾಲ ಬರಬ್ಯಾಡ್ರಿ,” ಎಂದು ದಂಡೆಯಿಂದ ಶಾಂತಾಳ ಅಪ್ಪಣೆಯಾಯಿತು.

ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಮೂರು ದಿನ ಕ್ಯಾಲ್ಕುಲೇಟರ್ ಒತ್ತಿದೆ. ಇಂಥ ಲೆಕ್ಕಕ್ಕೆ ಎಲ್ಲಾದರೂ ಒಂದು ಗಡಿ ಬೇಕು. ಅದರಾಚೆ ಹರಿವಿಲ್ಲ ಎಂದು ಮೊದಲೇ ಸಾರಬೇಕು. ನಾನು ಹೊಲದ ಬದುವನ್ನೇ ಗಡಿ ಮಾಡಿದೆ. ಸರಕಾರವೇ ಒಪ್ಪಿದ ಗಡಿ.

ಮಾವ ನನ್ನ ಲೆಕ್ಕದ ಹಾಳೆಯನ್ನು ಬಹಳ ಹೊತ್ತು ನೋಡಿದರು. “ಬದುವಿನ ಆ ಕಡೆ ತುಕಾರಾಮನ ಬೋರ್ ಐತಲ್ರಿ. ಅದ್ಯಾಕ ಇದರಾಗ ಇಲ್ಲ?”

“ಅದು ಬ್ಯಾರೇದವರ ಹೊಲಾರಿ.”

“ಹೊಲಾ ಬ್ಯಾರೆ. ಕೆಳಗ ಕಲ್ಲೂ ಬ್ಯಾರೇನ್ರಿ?”

“ಲೆಕ್ಕದಾಗ ಬ್ಯಾರೆ ರಿ.”

ಓದಿದ ಅಳಿಯ. ಮಾವ ಗೂಟ ಕಿತ್ತು ನನ್ನ ಕೈಗಿಟ್ಟರು. ಬದುವಿನಿಂದ ಹನ್ನೆರಡು ಹೆಜ್ಜೆ ಎಣಿಸಿ ಹೊಡೆದೆ.

ಬೋರಿನ ಗಾಡಿ ನಮಗೆ ಸಿಕ್ಕಿದ್ದು ಒಂದೇ ದಿನಕ್ಕೆ. ಕೊರೆದ ಪುಡಿಯನ್ನು ಅದು ಜೋರಾಗಿ ಗಾಳಿ ಊದಿ ಮೇಲೆ ತರುತ್ತಿತ್ತು. ಮಧ್ಯಾಹ್ನದವರೆಗೆ ಬೂದಿಯಂಥ ಧೂಳು ಹಾರಿತು. ಆಮೇಲೆ ಒಮ್ಮೆಲೇ ನಿಂತಿತು. ಯಂತ್ರ ಅರಚುತ್ತಿದೆ, ಗುಂಡಿಯಿಂದ ಏನೂ ಬರುತ್ತಿಲ್ಲ.

“ದೊಡ್ಡ ಬಿರುಕು ಸಿಕ್ಕೈತಿ,” ಎಂದು ಘೋಷಿಸಿದೆ. ಆ ದಿನ ನಾನು ಹೇಳಿದ ಮಾತುಗಳಲ್ಲಿ ಇದೊಂದು ನಿಜವಾಗಿತ್ತು.

ಬದುವಿನಾಚೆ ಎರಡಾಳೆತ್ತರ ಕೆಸರುನೀರು ಎದ್ದಿತು. ಸ್ವಲ್ಪ ಹೊತ್ತಿಗೆ ತುಕಾರಾಮ ಬದು ದಾಟಿ ಬಂದ. ಪಟಗದಿಂದ ಚಪ್ಪಲಿಯ ತನಕ ಬೂದುಬಣ್ಣ. ಕೈಯಲ್ಲಿ ಚಹಾದ ಬಸಿ, ಅದರಲ್ಲೂ ಕೆಸರು.

“ನಿಮ್ಮ ಗಾಳಿ ನಮ್ಮ ಬೋರಿನಾಗ ಬಂದೈತ್ರಿ,” ಎಂದ, ಬಹಳ ಸಮಾಧಾನದಿಂದ. “ವಾಪಸ್ ಒಯ್ತೀರೇನ?”

ಗಾಡಿಯ ಮೇಸ್ತ್ರಿ ಯಂತ್ರ ನಿಲ್ಲಿಸಿದ. “ಗಾಳಿ ಎಲ್ಲಾ ಆ ಕಡೆ ಹೊಂಟೈತಿ. ಪುಡಿ ಮ್ಯಾಲ ಬರಂಗಿಲ್ಲ. ಇನ್ನ ಕೆಳಗ ಇಳಿಯಾಕ ಆಗೂದಿಲ್ರಿ.”

ಗುಂಡಿಗೆ ಒಂದು ಕಲ್ಲು ಹಾಕಿದೆವು. ಒಣ ಸದ್ದು ಬಂತು. ತುಕಾರಾಮನ ಬೋರಿನ ಬಿರುಕುಗಳಲ್ಲಿ ವರ್ಷಗಳಿಂದ ಕಟ್ಟಿಕೊಂಡಿದ್ದ ಹೂಳನ್ನು ಮಾತ್ರ ನಾನು ಚೊಕ್ಕಟವಾಗಿ ಊದಿ ತೆಗೆದಿದ್ದೆ. ಅವನಿಗೆ ಅರ್ಧ ಇಂಚು ಬರುತ್ತಿದ್ದ ನೀರು ಮರುದಿನ ಎರಡು ಇಂಚು ಬಂತು.

“ಲೆಕ್ಕ ಬರೋಬ್ಬರಿ ಐತಿ ಬಿಡ್ರಿ,” ಎಂದಳು ಶಾಂತಾ. “ಹೊಲಾ ಅಷ್ಟ ತಪ್ಪೈತಿ.”

ಮಾವ ಪಟಗ ಸುತ್ತಿಕೊಂಡು ತುಕಾರಾಮನ ಮನೆಗೆ ಹೋದರು. ಒಂದು ಚಹಾ ಮುಗಿಯುವುದರೊಳಗೆ ಮಾತು ಮುಗಿಯಿತು. ಆ ಹಂಗಾಮಿನಲ್ಲಿ ನಮ್ಮ ದ್ರಾಕ್ಷಿ ತುಕಾರಾಮನ ನೀರಿನಿಂದ ಮಾಗಿತು.