ತಿರುವಿನಲ್ಲಿ ಒಂದು ದೀರ್ಘ

ಬಣ್ಣದಣ್ಣನ ಬದುಕು ಕೆಟ್ಟದ್ದು ಒಂದು ದೀರ್ಘದಿಂದ. ದೀರ್ಘ ಕಾಯಿಲೆಯಲ್ಲ, ದೀರ್ಘ ಭಾಷಣವಲ್ಲ. ಅಕ್ಷರದ ಬಲ ಭುಜದ ಮೇಲೆ ಸುರುಳಿ ಸುತ್ತಿಕೊಂಡು ಕೂರುತ್ತದಲ್ಲ, ಆ ದೀರ್ಘ. ದಾನದಿಂದ ಅದನ್ನು ಕಿತ್ತರೆ ದನ ಉಳಿಯುತ್ತದೆ, ವಾರದಿಂದ ಕಿತ್ತರೆ ವರ ಉಳಿಯುತ್ತಾನೆ. ದನ, ವರ ಎರಡನ್ನೂ ಹೇಗೋ ಕಟ್ಟಿಹಾಕಬಹುದು. ಬಣ್ಣದಣ್ಣನ ಪಾಲಿಗೆ ಬಂದದ್ದು ಅಷ್ಟು ಸಾಧು ಪದವಾಗಿರಲಿಲ್ಲ.

ಬೋರ್ಡು ಬರೆಯುವುದು ಅವನ ಕಸುಬು. ಮೂವತ್ತು ವರ್ಷದಿಂದ ಆ ಬೀದಿಯ ಅಂಗಡಿ, ಆಸ್ಪತ್ರೆ, ಗ್ಯಾರೇಜುಗಳ ಹಣೆಬರಹವನ್ನೆಲ್ಲ ಬರೆದವನು ಅವನೇ. ಎರಡು ವರ್ಷದ ಹಿಂದೆ ಅವನ ಭಾಮೈದ ಬೀದಿಯ ಕೊನೆಯಲ್ಲಿ ಒಂದು ಮಷಿನ್ ತಂದಿಟ್ಟ. ಬಣ್ಣದಣ್ಣ ಕುಂಚ ಅದ್ದಿ ‘ಅ’ ಬರೆಯುವಷ್ಟರಲ್ಲಿ ಮಷಿನ್ ‘ಝುಯ್ಯ್... ಟಕ್’ ಎಂದು ‘ಳ’ವರೆಗೆ ಉಗುಳಿ, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಹೊರಡುತ್ತಿತ್ತು.

ಉಳಿದದ್ದು ಒಂದೇ ಆಸೆ. ಉದ್ಯಾನ ಇಲಾಖೆಯವರು ಕೆರೆಯ ದಂಡೆಯಿಂದ ಹೊಳೆಯ ದಂಡೆಯವರೆಗೆ ಮೌಂಟನ್ ಬೈಕ್ ತುಳಿಯುವವರಿಗೆಂದು ಒಂದು ಸುಲಭದ ಕಾಲುದಾರಿ ಮಾಡಿ, ಅದಕ್ಕೆ ಏಳು ಬೋರ್ಡು ಬರೆಸಿದ್ದರು. ಹನ್ನೊಂದು ಗಂಟೆಗೆ ಅಧಿಕಾರಿ ಬಂದು ದಾರಿ ಉದ್ಘಾಟಿಸಿ, ಬೋರ್ಡುಗಳನ್ನೂ ನೋಡುವವರಿದ್ದರು. ಏಳೂ ಸರಿಯಿದ್ದರೆ ಹೊಳೆಯ ಮೇಲ್ದಾರಿಯ ನಲವತ್ತು ಬೋರ್ಡೂ ಬಣ್ಣದಣ್ಣನಿಗೆ. ಇಲ್ಲದಿದ್ದರೆ ಮಷಿನ್‌ಗೆ. ಮಷಿನ್‌ಗೆ ಹೋದರೆ ಅವನೂ ಹಿಂದೆಯೇ ಹೋಗಬೇಕು, ಭಾಮೈದನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಹಸಿರು ಗುಂಡಿ ಒತ್ತುವುದಕ್ಕೆ. ಹೆಂಡತಿ ಆ ಸ್ಟೂಲಿಗೆ ಮೆತ್ತೆಯನ್ನೂ ಹೊಲಿದಿಟ್ಟಿದ್ದಳು.

ಬೆಳಗ್ಗೆ ಎಂಟಕ್ಕೆ ವ್ಯಾಕರಣ ಮೇಷ್ಟ್ರು ಗೇಟಿನ ಹೊರಗೆ ಸೈಕಲ್ ನಿಲ್ಲಿಸಿದರು. ನಿವೃತ್ತರಾದ ಮೇಲೆ ಡಾಕ್ಟರ ಮಾತಿನಂತೆ ದಿನಾ ಸೈಕಲ್ ತುಳಿಯುತ್ತಿದ್ದರು, ಹಿಂತಿರುಗುವಾಗ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಏನಯ್ಯಾ, ಕಸುಬು ಹೇಗೆ ನಡೆಯುತ್ತಿದೆ?”

“ನಿಧಾನ ಮೇಷ್ಟ್ರೇ.”

ದಿನಾ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಂದು ಮೇಷ್ಟ್ರು ಬೆರಳೆತ್ತಿದರು. “ಇಗೋ, ಇದೇ ಪದ! ಬಾಯಲ್ಲಿ ಹೇಳುವಾಗ ದೀರ್ಘ ಕೊಟ್ಟೆ. ಬೋರ್ಡಿನಲ್ಲಿ ಬರೆಯುವಾಗ ಎಲ್ಲಿ ನುಂಗಿದೆ?”

“ಯಾವ ಬೋರ್ಡು?”

“ಹೊಳೆಯ ತಿರುವಿನದು. ಯಾರೋ ಬಟ್ಟೆ ಮುಚ್ಚಿದ್ದಾರೆ. ಎಡಗಡೆ ಬಟ್ಟೆ ಜಾರಿ ಕೆಳಗಿನ ಸಾಲು ಅರ್ಧ ಕಾಣುತ್ತಿದೆ. ‘ತಿರುವಿನಲ್ಲಿ ನಿಧನ.’”

ಬಣ್ಣದಣ್ಣನ ಕೈಯಿಂದ ಕುಂಚ ಬಿತ್ತು. ಅವನು ಬರೆದಿದ್ದದ್ದು ‘ತಿರುವಿನಲ್ಲಿ ನಿಧಾನವಾಗಿ ಸಾಗಿ’ ಎಂದು. “ಮೇಷ್ಟ್ರೇ, ಸರಿಯಾಗಿ ನೋಡಿದ್ರಾ? ಇಳಿದು ನೋಡಿದ್ರಾ?”

“ಅದನ್ನು ಓದಿದ ಮೇಲೆ ಅಲ್ಲಿ ಇಳಿಯುವ ಧೈರ್ಯ ಯಾರಿಗಿದೆಯಯ್ಯಾ? ‘ನಿಧನವಾಗಿ ಸಾಗಿ’ ಎಂದರೆ ಕ್ರಿಯಾವಿಶೇಷಣದ ಪ್ರಕಾರ—”

“ಬಟ್ಟೆ ಯಾಕೆ ಮುಚ್ಚಿದಾರೆ ಗೊತ್ತಾಗ್ಲಿಲ್ವಾ?” ಪಕ್ಕದ ಮನೆಯ ದರ್ಜಿ ಕಿಟಕಿಯಿಂದ ಕತ್ತು ಹಾಕಿದ. ಬಟ್ಟೆ ಎಂದರೆ ಅವನಿಗೆ ಸುಮ್ಮನಿರಲಾಗದು. “ಹೆಣಕ್ಕೆ ಮುಚ್ತಾರಲ್ಲ, ಹಂಗೆ. ಸಾಹೇಬ್ರು ಬಂದು ಮುಖ ನೋಡೋವರೆಗೂ ಇಟ್ಟಿರ್ತಾರೆ.”

“ಕನ್ನಡಕ ಬದಲಾಯಿಸಿ ಅಂತ ವರ್ಷದಿಂದ ಬಡ್ಕೊಂಡೆ,” ಎಂದಳು ಒಳಗಿನಿಂದ ಹೆಂಡತಿ. “ಹೋಗ್ಲಿ ಬಿಡಿ, ಮೆತ್ತೆ ಮೆತ್ತಗಿದೆ.”

ಆ ಮಾತು ಬಣ್ಣದಣ್ಣನನ್ನು ಎಬ್ಬಿಸಿತು. ಹನ್ನೊಂದಕ್ಕೆ ಇನ್ನೂ ಮೂರು ಗಂಟೆ ಇದೆ. ಒಂದು ದೀರ್ಘ ಹಾಕಲು ಒಂದು ನಿಮಿಷ ಸಾಕು. ಸಣ್ಣ ಡಬ್ಬಿಯಲ್ಲಿ ಕಪ್ಪು ಬಣ್ಣ ತುಂಬಿ, ಮೂರನೇ ನಂಬರ್ ಕುಂಚ ಜೇಬಿಗಿಟ್ಟು ಹೊರಟ. ದಾರಿಯಲ್ಲಿ ಸೈಕಲ್ ಬಿಟ್ಟು ಬೇರೆ ವಾಹನಕ್ಕೆ ಪ್ರವೇಶವಿಲ್ಲ ಎಂದು ಎರಡನೇ ಬೋರ್ಡಿನಲ್ಲಿ ಬರೆದವನೂ ಅವನೇ. ಆ ಬೀದಿಯಲ್ಲಿ ಮೌಂಟನ್ ಬೈಕ್ ಇದ್ದದ್ದು ಭಾಮೈದನ ಹತ್ತಿರ ಮಾತ್ರ.

“ಬನ್ನಿ ಭಾವ, ಸ್ಟೂಲ್ ನೋಡೋಕೆ ಬಂದ್ರಾ?” ಮಷಿನ್ ಹಿಂದಿನಿಂದ ಭಾಮೈದ ನಕ್ಕ.

“ನಿನ್ನ ಸೈಕಲ್ ಬೇಕಿತ್ತು.”

“ನಿಮಗಾ? ಎಲ್ಲಿಗೆ?”

“ಸುಮ್ನೆ, ಗಾಳಿಗೆ.”

“ಮತ್ತೆ ಬಣ್ಣದ ಡಬ್ಬಿ?”

“ಅದಕ್ಕೂ ಗಾಳಿ ಬೇಕಲ್ಲ.”

“ನೋಡ್ಕೊಂಡು ಹೋಗಿ, ಕೆಸರಿದೆ. ಬೆಳಗ್ಗೆ ಬೇಗನೇ ನಾನೂ ಅಲ್ಲಿಗೆ ಹೋಗಿದ್ದೆ ಭಾವ. ಹೊಳೆ ತಿರುವಲ್ಲಿ ಒಂದು ಬೋರ್ಡು—”

“ಗೊತ್ತು, ಗೊತ್ತು!” ಇವನೂ ನೋಡಿಬಿಟ್ಟಿದ್ದಾನೆ! ಬಣ್ಣದಣ್ಣನ ಕಿವಿ ಬಿಸಿಯಾಯಿತು.

“ಗೊತ್ತಾ? ಅಬ್ಬಾ, ಬೈತೀರೇನೋ ಅಂದ್ಕೊಂಡಿದ್ದೆ. ಏನೇ ಹೇಳಿ ಭಾವ, ನಿಮ್ಮ ಅಕ್ಷರದ ಚೆಂದ—”

“ಹೊಗಳಿಕೆ ಆಮೇಲೆ. ಸೈಕಲ್ ಕೊಡು.”

“ಇಪ್ಪತ್ತೊಂದು ಗೇರಿದೆ.”

“ಒಂದು ಸಾಕು.”

ಆಕಾಶ ಕುಂಚ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಕೆರೆಯೂ ಅದೇ ಬಣ್ಣ. ಎಲ್ಲಿ ನೀರು ಮುಗಿದು ಆಕಾಶ ಶುರುವಾಗುತ್ತದೆ ಎಂದು ಗೆರೆ ಎಳೆಯುವುದನ್ನೇ ಯಾರೋ ಮರೆತಂತಿತ್ತು. ದಾರಿಯ ಬಾಯಲ್ಲೇ ಅವನ ಮೊದಲ ಬೋರ್ಡು ನಿಂತಿತ್ತು: ‘ಅತಿ ಸುಲಭ. ಮಕ್ಕಳೂ ವೃದ್ಧರೂ ತುಳಿಯಬಹುದು.’ ಶೆಡ್ಡಿನಲ್ಲಿ ಕೂತು ಅದನ್ನು ಬರೆಯುವಾಗ ಬಣ್ಣದಣ್ಣ ಈ ದಾರಿಯನ್ನು ಕಂಡಿರಲಿಲ್ಲ. ಈಗ ಕಂಡ. ತಾನು ಮಗುವೂ ಅಲ್ಲ, ವೃದ್ಧನೂ ಅಲ್ಲ, ನಡುವಿನವರ ಬಗ್ಗೆ ಬೋರ್ಡು ಏನೂ ಹೇಳುವುದಿಲ್ಲ ಎಂಬುದೂ ಹೊಳೆಯಿತು.

ಇಪ್ಪತ್ತು ವರ್ಷದಿಂದ ಸೈಕಲ್ ಮುಟ್ಟದ ಕಾಲುಗಳು ಪೆಡಲನ್ನು ತುಳಿದವೋ, ಪೆಡಲೇ ಅವನ್ನು ತುಳಿಯಿತೋ ಹೇಳುವುದು ಕಷ್ಟ. ಚೈನು ಎರಡು ಸಲ ಬಿಟ್ಟಿತು. ಒಂದು ಬಾತುಕೋಳಿ ಅವನ ಜೊತೆ ನಡೆಯುತ್ತಾ ಬಂದು, ಬೇಸರವಾಗಿ, ಮುಂದೆ ಹೋಯಿತು. ಹಿಂದಿನಿಂದ ಟ್ರಿಣ್ ಟ್ರಿಣ್ ಎಂದಿತು.

“ದಾರಿ ಬಿಡಪ್ಪಾ!” ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರು ಹಳದಿ ಹೆಲ್ಮೆಟ್ ಹಾಕಿಕೊಂಡು ಪಕ್ಕದಲ್ಲಿ ಹಾದುಹೋದರು. ಹಾಗೇ ತಿರುಗಿ ನೋಡಿದರು. “ಅಯ್ಯೋ, ಥೇಟ್ ನಮ್ಮನೆಯೋರ ಹಾಗೇ ತುಳೀತೀಯಲ್ಲೋ! ಪರವಾಗಿಲ್ಲ, ನಿಧಾನ, ನಿಧಾನ.”

ಇಂದು ಎಲ್ಲರಿಗೂ ಅದೇ ಪದ ಬೇಕೇ? ಬಣ್ಣದಣ್ಣ ಹಲ್ಲು ಕಚ್ಚಿ ತುಳಿದ. ಆಗ ನಾಲ್ಕನೇ ಬೋರ್ಡು ಎದುರಾಯಿತು. ‘ಇಳಿಜಾರು’ ಎಂಬ ಪದ ಹಲಗೆಯ ಅಗಲಕ್ಕೆ ಹಿಡಿಸದೆ ಅವನು ಎರಡು ಸಾಲು ಮಾಡಿದ್ದ:

ಇಳಿ
ಜಾರು

ಬರೆದವನೇ ಆದರೂ, ಗಾಬರಿಯಲ್ಲಿದ್ದವನು ಓದಿದಂತೆ ಮಾಡಿದ. ಇಳಿದ. ಜಾರಿದ. ಸೈಕಲ್ ಒಂದು ಕಡೆ, ಅವನು ಇನ್ನೊಂದು ಕಡೆ. ಮೂಗಿನ ಮೇಲಿದ್ದ ಕನ್ನಡಕ ಮಾತ್ರ ಯಾರ ಕಡೆಗೂ ಸೇರದೆ ನೇರ ಕೆರೆಗೆ ಹಾರಿತು. ಬುಳಕ್ ಎಂಬ ಸದ್ದು. ಮೂರು ಉಂಗುರ. ಆಮೇಲೆ ಏನೂ ಇಲ್ಲ.

ಕೆಸರಲ್ಲಿ ಕೂತವನು ಡಬ್ಬಿ ಅಲ್ಲಾಡಿಸಿ ನೋಡಿದ. ಬಣ್ಣ ಉಳಿದಿತ್ತು. ಕುಂಚವೂ ಇತ್ತು. ಕನ್ನಡಕ ಹೋದರೇನು, ಕನ್ನಡ ಇದೆಯಲ್ಲ ಎಂದುಕೊಂಡು ಎದ್ದ. ಅದು ಸಮಾಧಾನದ ಮಾತೇ. ಆದರೆ ಒದ್ದೆ ಪ್ಯಾಂಟಿನಲ್ಲಿ ಯಾವ ಸಮಾಧಾನವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹೊಳೆಯ ತಿರುವು ತಲುಪುವಾಗ ಹನ್ನೊಂದಾಗಲು ಹತ್ತು ನಿಮಿಷ. ಲೋಕವೆಲ್ಲ ಹಸಿ ಬಣ್ಣದ ಮೇಲೆ ಅಂಗೈ ಎಳೆದಂತೆ ಕಲಸಿಹೋಗಿತ್ತು. ಅದರ ನಡುವೆ ಬಿಳಿ ಬಟ್ಟೆ ಹೊದ್ದ ಒಂದು ಹಲಗೆ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಕೆಳಗಿನ ಸಾಲಿನಲ್ಲಿ, ಬಟ್ಟೆ ಜಾರಿದ ಕಡೆ, ‘ತಿರುವಿನಲ್ಲಿ ನಿಧನ’. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಅಕ್ಷರ ಅವನದೇ. ಆ ‘ತ’ದ ಹೊಟ್ಟೆ, ಆ ‘ನ’ದ ಬಾಲ, ಮೂವತ್ತು ವರ್ಷ ತನ್ನ ಮಣಿಕಟ್ಟಿನಿಂದ ಇಳಿದದ್ದು. ಹೆತ್ತವರಿಗೆ ಮಗುವಿನ ಬೆನ್ನು ಕಂಡರೂ ಗುರುತು ಸಿಗುವುದಿಲ್ಲವೇ?

“ನನ್ನ ಕೈಯೇ ನನಗೆ ಹೀಗೆ ಮಾಡ್ತಲ್ಲ,” ಎಂದು ನಿಟ್ಟುಸಿರಿಟ್ಟು ಕುಂಚ ಅದ್ದಿದ. ಕನ್ನಡಕವಿಲ್ಲದ ಅಂದಾಜಿನಲ್ಲೇ ಎಳೆದ. ‘ಧ’ದ ಭುಜದ ಮೇಲೆ ದೀರ್ಘ ಕೂತಿತು, ಆದರೆ ಒಂದು ಕಡೆ ವಾಲಿ, ದಣಿದು ಸೈಕಲ್ಲಿನ ಹ್ಯಾಂಡಲ್ ಮೇಲೆ ಒರಗಿದವರ ಹಾಗೆ. ಇರಲಿ, ವಾಲಿದರೂ ಅರ್ಥ ನೆಟ್ಟಗಿದೆ. ಡಬ್ಬಿ ಮುಚ್ಚುವಷ್ಟರಲ್ಲಿ ದಾರಿಯ ಆ ತುದಿಯಿಂದ ಮಾತುಗಳು ಕೇಳಿಸಿದವು. ಅಧಿಕಾರಿ, ನಾಲ್ಕೈದು ಸಿಬ್ಬಂದಿ, ಹಿಂದೆ ಬಾಡಿಗೆ ಸೈಕಲ್ಲಿನಲ್ಲಿ ಭಾಮೈದ. ಮುಂದೆ ಒಂದು ಹಳದಿ ಹೆಲ್ಮೆಟ್ಟು.

“ಅಂದ್ರೆ ಏನಂದ್ರೆ,” ಎಂದು ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಅವರ ಪ್ರತಿ ಮಾತೂ ಹಾಗೇ ಶುರುವಾಗುತ್ತಿತ್ತು, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಂತೆ. “ದಾರಿ ಶುರುವಾಗೋದು ಅಂದ್ರೆ, ಅದನ್ನ ಮೊದಲು ತುಳಿದವರನ್ನ ನೆನೆಯೋದು ಅಂದ್ರೆ, ಅಂದ್ರೆ ಏನಂದ್ರೆ, ಅತ್ತೆ, ನೀವೇ ದಾರ ಎಳೀರಿ.”

ಹಳದಿ ಹೆಲ್ಮೆಟ್ಟಿನ ಅಜ್ಜಿ ದಾರ ಎಳೆದರು. ಬಟ್ಟೆ ಬಿತ್ತು. ಅಧಿಕಾರಿ ಕೈಕಟ್ಟಿಕೊಂಡು ಗಂಭೀರವಾಗಿ ಓದಿದರು: “‘ಈ ದಂಡೆಯ ದಾರಿಯನ್ನು ಮೊದಲು ತುಳಿದ ನಮ್ಮ ಮಾವನವರು ಇದೇ ತಿರುವಿನಲ್ಲಿ ನಿಧಾ... ನಿಧಾನರಾದರು.’”



“ಭಾವ,” ಭಾಮೈದ ಪಿಸುಗುಟ್ಟಿದ, “ಇದು ನಾನು ಮಾಡಿದ ಬೋರ್ಡು! ಗೊತ್ತು ಅಂದ್ರಲ್ಲ? ನಿಮ್ಮ ಅಕ್ಷರಾನೇ ಮಷಿನ್‌ಗೆ ಕಲಿಸಿದೀನಿ ಅಂತ ಹೇಳೋಕ್ ಬಂದೆ, ಬಿಡ್ಲೇ ಇಲ್ಲ ನೀವು. ನಿಮ್ಮದು ಅಲ್ಲಿದೆ ನೋಡಿ, ಆ ಮರದ ಹಿಂದೆ. ಅದರಲ್ಲಿ ದೀರ್ಘ ಸರಿಯಾಗೇ ಇದೆ.”

ಬಣ್ಣದಣ್ಣ ಮರದ ಕಡೆ ನೋಡಿದ. ಮರವೇ ಕಾಣಲಿಲ್ಲ. ಕುಂಚ ಹಿಡಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿದ. ಬಣ್ಣ ಅವನ ಕೆಸರು ಪ್ಯಾಂಟಿನ ಮೇಲೆ ತೊಟ್ಟಿಕ್ಕಿ ಸಾಕ್ಷಿ ಹೇಳಿತು.

“ಯಾರ್ರೀ ಇದು ಮಾಡಿದ್ದು!” ಅಧಿಕಾರಿ ಕೂಗಿದರು. ಸಿಟ್ಟಿನಲ್ಲಿ ‘ಅಂದ್ರೆ ಏನಂದ್ರೆ’ ಕೂಡ ಮರೆತಿತ್ತು. “ಒರೆಸ್ರೀ ಅದನ್ನ!”

“ಮುಟ್ಟಿದ್ರೆ ನೋಡಿ,” ಎಂದರು ಅಜ್ಜಿ.

ಅಧಿಕಾರಿ ಅಳಿಯನ ಕೈ ಗಾಳಿಯಲ್ಲೇ ನಿಂತಿತು. ಅಜ್ಜಿ ಹೆಲ್ಮೆಟ್ ತೆಗೆದು ಬೋರ್ಡಿನ ಹತ್ತಿರ ಹೋದರು. ಹಸಿ ದೀರ್ಘದ ಮುಂದೆ ಬೆರಳು ಹಿಡಿದು, ಮುಟ್ಟದೆ, ಅದು ವಾಲಿದ ಕಡೆಗೇ ತಾವೂ ಕತ್ತು ವಾಲಿಸಿದರು.

“ನಲವತ್ತು ವರ್ಷ ನಾನು ಮುಂದೆ, ಅವರು ಹಿಂದೆ. ಪ್ರತಿ ತಿರುವಲ್ಲೂ ನಿಂತು ಕಾಯ್ತಿದ್ದೆ, ಬರ್ರೀ ಬೇಗ ಅಂತ ಬೈತಿದ್ದೆ. ಹೀಗೇ ವಾಲ್ಕೊಂಡು ಬರೋರು. ಒಂದಿನ ಈ ತಿರುವಲ್ಲೂ ಕಾದೆ. ಬರ್ಲಿಲ್ಲ.” ಮೂಗು ಒರೆಸಿಕೊಂಡರು. “ಸತ್ರು ಸತ್ರು ಅಂತ ನೀವೆಲ್ಲ ಹೇಳ್ತೀರಿ. ಇದೊಂದೇ ಬೋರ್ಡು ನಿಜ ಹೇಳಿರೋದು. ನಿಧಾನ ಆಗಿದಾರೆ, ಅಷ್ಟೆ. ಇದು ಹೀಗೇ ಇರ್ಬೇಕು.”

ಬಣ್ಣದಣ್ಣನಿಗೆ ಜೀವ ಬಂತು. ನಲವತ್ತು ಬೋರ್ಡು ಕಣ್ಣ ಮುಂದೆ ಸಾಲಾಗಿ ನಿಂತವು, ಕನ್ನಡಕವಿಲ್ಲದೆಯೂ ಸ್ಪಷ್ಟವಾಗಿ.

“ಆಗ್ಲಿ ಅತ್ತೆ,” ಎಂದರು ಅಧಿಕಾರಿ. ಆಮೇಲೆ ಭಾಮೈದನ ಕಡೆ ತಿರುಗಿದರು. “ಅಂದ್ರೆ ಏನಂದ್ರೆ, ಕೈಬಣ್ಣ ಮಳೆಗೆ ನಿಲ್ಲಲ್ಲ. ಆ ದೀರ್ಘಾನೂ ಸೇರಿಸಿ ಹೊಸದಾಗಿ ಮಷಿನ್‌ನಲ್ಲೇ ತೆಗೀರಿ. ಮೇಲ್ದಾರಿ ನಲವತ್ತೂ ನೀವೇ ಮಾಡಿ. ಕೈಬರಹ ಬೇಕಿತ್ತು, ಅದು ಮಷಿನ್‌ಗೇ ಬರುತ್ತಲ್ಲ. ಕೈ ಇದ್ದರೆ ನೋಡಿ, ಹೀಗೆ ಸುಮ್ಮನಿರಲ್ಲ.”

“ಆದ್ರೆ ಸಾರ್, ಈ ಥರ ವಾಲಿರೋ ದೀರ್ಘ ಮಷಿನ್ ಹತ್ರ ಇಲ್ಲ.” ಭಾಮೈದ ಜೇಬಿನಿಂದ ಒಂದು ಬಿಳಿ ಕಾಗದ ತೆಗೆದು ಬಣ್ಣದಣ್ಣನ ಮುಂದೆ ಹಿಡಿದ. ಅವನ ದನಿಯಲ್ಲಿ ನಿಜವಾದ ಮರ್ಯಾದೆ ಇತ್ತು, ಅದೇ ಹೆಚ್ಚು ನೋಯಿಸಿದ್ದು. “ಭಾವ, ಇದರ ಮೇಲೆ ಒಂದೇ ಒಂದು ಸಲ ಬರ್ದುಕೊಡಿ. ಸಾಕು.”

ಅಜ್ಜಿ ನೋಡುತ್ತಿದ್ದರು. ಬಣ್ಣದಣ್ಣ ಕಾಗದವನ್ನು ಸೈಕಲ್ ಸೀಟಿನ ಮೇಲಿಟ್ಟು, ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣದಲ್ಲಿ ಕುಂಚ ಅದ್ದಿ, ಬರೆದುಕೊಟ್ಟ.

ಸೈಕಲ್ ತಳ್ಳಿಕೊಂಡು ಅವನು ಬೀದಿಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ವ್ಯಾಕರಣ ಮೇಷ್ಟ್ರು ಗೇಟಿಗೆ ಒರಗಿ ಕಾಯುತ್ತಿದ್ದರು.

“ತಿದ್ದಿದೆಯಾ?”

“ತಿದ್ದಿದೆ ಮೇಷ್ಟ್ರೇ.”

“ಭೇಷ್! ನಾನು ಹೇಳದಿದ್ದರೆ ಏನಾಗುತ್ತಿತ್ತು ನೋಡು. ಹಾಗಾದರೆ ಇನ್ನು ಕಸುಬು ಹೇಗೆ?”

ಬಣ್ಣದಣ್ಣ ಖಾಲಿ ಡಬ್ಬಿಯನ್ನು ಗೇಟಿನ ಕಂಬದ ಮೇಲಿಟ್ಟ. ಒಳಗೆ ಹೆಂಡತಿ ಮೆತ್ತೆ ಕೊಡವುವ ಸದ್ದು ಕೇಳುತ್ತಿತ್ತು.

“ಬೆಳಗ್ಗೆವರೆಗೂ ನಿಧಾನವಾಗಿತ್ತು ಮೇಷ್ಟ್ರೇ,” ಎಂದ. “ಅದರಲ್ಲಿದ್ದ ಒಂದು ದೀರ್ಘಾನೂ ಈಗ ಬೇರೆಯವರಿಗೆ ಬರೆದುಕೊಟ್ಟು ಬಂದೆ.”